ಮಲಕಾಜಪ್ಪನ ಐಬಿಲ್ಲದ ಸದ್ದು

ತಿಕೋಟಾದ ಮಲಕಾಜಪ್ಪನಿಗೆ ಸಂಗೀತವೆಂದರೆ ಪ್ರಾಣವಾಗಿತ್ತು ಎಂದು ಈಗ ಕೆಲವರು ಹೇಳುತ್ತಾರೆ. ಸುಳ್ಳು. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕೆಂಬ ಅವಸರದಲ್ಲಿ ಜನ ಇಂಥವನ್ನೆಲ್ಲ ಹುಟ್ಟಿಸುತ್ತಾರೆ. ನಾನು ಅವನ ಜೊತೆ ನಾಲ್ಕೈದು ವರ್ಷ ಓಡಾಡಿದವನು. ಅವನು ಒಂದು ಹಾಡನ್ನು ಹಾಡೆಂದು ಕೇಳಿದ್ದನ್ನು ನಾನು ಕಂಡಿಲ್ಲ. ಅವನು ಕೇಳುತ್ತಿದ್ದದ್ದು ಹಾಡಿನ ಹಿಂದೆ ಏನಾದರೂ ಗುಂಯ್ ಅನ್ನುತ್ತಿದೆಯೇ, ಕರಕರ ಅನ್ನುತ್ತಿದೆಯೇ ಎಂಬುದನ್ನು ಮಾತ್ರ. ಅನ್ನದಿದ್ದರೆ ಅವನಿಗೆ ಸಮಾಧಾನ. ಅಂದಿತೋ, ಮದುವೆ ನಿಂತರೂ ಸರಿ, ಮೈಕು ಬಂದ್.

ನನಗೆ ಅವನ ಪರಿಚಯವಾದದ್ದೂ ಹಾಗೆಯೇ. ಎಪ್ಪತ್ನಾಲ್ಕನೆಯ ಇಸವಿ, ಬಬಲೇಶ್ವರದಲ್ಲಿ ನಮ್ಮ ಅಕ್ಕನ ಮದುವೆ. ಅಪ್ಪನದು ಸಂತೆಯ ಹತ್ತಿರ ಕಿರಾಣಿ ಅಂಗಡಿ, ಊರಿಗೆಲ್ಲ ಕೇಳುವಂತೆ ಮದುವೆ ಮಾಡಬೇಕೆಂಬ ಹಟ. ತಿಕೋಟಾದಿಂದ ಮಲಕಾಜಪ್ಪನ ಎರಡು ಕೊಂಬಿನ ಲೌಡ್‌ಸ್ಪೀಕರ್ ತರಿಸಿದ್ದರು. ಸರಿಯಾಗಿ ಅಕ್ಕಿಕಾಳು ಹಾಕುವ ಹೊತ್ತಿಗೆ ಕೊಂಬು ಸಣ್ಣಗೆ ಕುಂಯ್ ಎಂದಿತು. ಮಲಕಾಜಪ್ಪ ತಂತಿ ಕಿತ್ತ. ಅಯ್ಯನವರ ಬಾಯಿ ಆಡುತ್ತಿತ್ತು, ಯಾರಿಗೂ ಕೇಳುತ್ತಿರಲಿಲ್ಲ. ಮುನ್ನೂರು ಜನ ಕೈಯಲ್ಲಿ ಅಕ್ಕಿ ಹಿಡಿದುಕೊಂಡು, ಹಾಕಬೇಕೋ ಬಿಡಬೇಕೋ ತಿಳಿಯದೆ ನಿಂತರು. ಅಪ್ಪ ಕೆಂಪಗಾಗಿ ಓಡಿಬಂದರೆ ಅವನು ಮೊಣಕಾಲೂರಿ ತಂತಿ ಕೆರೆಯುತ್ತಲೇ, "ಐಬ ಇಟಗೊಂಡು ಮುಂದ ಹೋಗಬಾರದ್ರಿ. ಯಾಡ ಮಿನಿಟ ತಡೀರಿ," ಎಂದ. ಬೀಗರಿಗೆ ಈ ಮಾತು ಕೇಳಿಸಿತು. ಐಬು ಹುಡುಗಿಯದಲ್ಲ, ತಂತಿಯದು ಎಂದು ತಿಳಿಹೇಳಲು ಅಪ್ಪನಿಗೆ ಒಂದು ವಾರ ಹಿಡಿಯಿತು.

ಐಬು ಎಂದರೆ ದೋಷ. ಆ ಮಾತು ಅವನ ಬಾಯಲ್ಲಿ ದಿನಕ್ಕೆ ಮೂವತ್ತು ಸಲವಾದರೂ ಬರುತ್ತಿತ್ತು. ತಗಡಿನ ಮಂಟಪದಲ್ಲಿ ಸದ್ದು ತಿರುಗಿ ಬಂದರೆ ಐಬು. ಅದಕ್ಕಾಗಿ ಗೋಣಿಚೀಲ ಕಟ್ಟುತ್ತಿದ್ದ. ಭಾಷಣ ಮಾಡುವವರು ಮೈಕನ್ನು ತೀರ ಹತ್ತಿರ ಹಿಡಿದು ಉಸಿರು ಬಿಟ್ಟರೆ ಐಬು. ಅದಕ್ಕಾಗಿ ಭಾಷಣ ಮಾಡುವವರನ್ನೇ ತೋಳು ಹಿಡಿದು ಹಿಂದಕ್ಕೆ ಸರಿಸುತ್ತಿದ್ದ, ಅವರು ಎಂಥ ದೊಡ್ಡವರೇ ಇರಲಿ. ಅವನು ಮಾಡಿದ ಪ್ರತಿ ಪೆಟ್ಟಿಗೆಯ ಮೇಲೂ "ಮಲಕಾಜಪ್ಪ, ತಿಕೋಟಾ" ಎಂದು ಬಿಳಿ ಬಣ್ಣದಲ್ಲಿ ಬರೆದಿರುತ್ತಿತ್ತು. ಆ ಪೆಟ್ಟಿಗೆಗಳು ಕರಕರ ಅನ್ನುವುದಿಲ್ಲ ಎಂದು ಜತ್ತದವರೆಗೆ ಹೆಸರಿತ್ತು.

ಅವನು ಹುಟ್ಟಿದ್ದು ಕಳ್ಳಕವಟಗಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಕುರಿ ತಮ್ಮ ಸಿದ್ದರಾಯನ ಪಾಲಿಗೆ, ಹೊಲ ಅವ್ವ ಮುದುಕವ್ವನ ಪಾಲಿಗೆ, ಮಲಕಾಜಪ್ಪನ ಪಾಲಿಗೆ ಮಿರಜದ ಬಸ್ಸು ಬಂತು. ಅಲ್ಲಿ ಎರಡು ವರ್ಷ ತಂಬೂರಿ ಮಾಡುವವರ ಬಳಿ ಕುಂಬಳದ ಬುರುಡೆ ಕೆರೆದ, ಆರು ವರ್ಷ ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತ. ಅಂಗಡಿಯ ಮಾಲಕ ಆ ಆರು ವರ್ಷದಲ್ಲಿ ಒಮ್ಮೆಯೂ ಚೆನ್ನಾಗಿದೆ ಎಂದವನಲ್ಲ. ಕುರಿಯವರ ಕಿವಿ ಗಂಟೆ ಕೇಳಲಿಕ್ಕೆ ಮಾತ್ರ ಲಾಯಕ್ಕು ಎನ್ನುತ್ತಿದ್ದನಂತೆ. ತಿಕೋಟಾದ ಜನ ಮಲಕಾಜಪ್ಪನನ್ನು ಎಷ್ಟು ಹೊಗಳಿದರೂ ಅವನಿಗೆ ತಾಗುತ್ತಿರಲಿಲ್ಲ. "ಇವರಿಗೇನ ತಿಳೀತೈತ್ರಿ? ತಿಳದವರು ಒಬ್ಬರು ಅನಬೇಕು," ಎನ್ನುತ್ತಿದ್ದ. ಅಂಥವರು ತಿಕೋಟಾ ಬಸ್‌ಸ್ಟ್ಯಾಂಡಿಗೆ ಯಾಕೆ ಬಂದಿಳಿಯುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಕೆಟ್ಟವನಾಗಿರಲಿಲ್ಲ, ಆಗ.

ಇನ್ನು ನಮ್ಮ ಬ್ಯಾಂಡಿನ ವಿಷಯ. ನಾನು ಬಿಜಾಪುರದಲ್ಲಿ ಕಾಲೇಜು ಓದುತ್ತಿದ್ದೆ, ಅಂದರೆ ಜಿಲಾನಿಯ ಜೊತೆ ತಿರುಗುತ್ತಿದ್ದೆ. ಜಿಲಾನಿ ಅಂಗಡಿಗಳ ಬೋರ್ಡು ಬರೆಯುವವನು. ಯಾರದೋ ಮನೆಯಲ್ಲಿ ಒಂದು ವಿಲಾಯತಿ ರೆಕಾರ್ಡು ಕೇಳಿ ಬಂದವನು ಮೂರು ದಿನ ಬ್ರಷ್ಷು ಮುಟ್ಟಲಿಲ್ಲ. ಅದರಲ್ಲಿ ಗಿಟಾರು ಹೊಸ ಅರಿವೆ ಹರಿದ ಹಾಗೆ ಸದ್ದು ಮಾಡುತ್ತದೆ, ಹಾಡುವವನ ದನಿ ಬಾವಿಯೊಳಗಿಂದ ಬಂದಂತೆ ಬರುತ್ತದೆ, ತನಗೆ ಅವೆರಡೂ ಬೇಕು ಎಂದ. ಮದುವೆ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಮೆಹಬೂಬನನ್ನು ಸೇರಿಸಿಕೊಂಡ. ನನಗೆ ಬಾಸ್ ಗಿಟಾರು ಕೊಟ್ಟ. ಬಾಸ್ ಎಂದರೆ ಇದ್ದಾಗ ಯಾರಿಗೂ ಕೇಳಿಸದ, ಇಲ್ಲದಿದ್ದಾಗ ಏನೋ ಕಡಿಮೆಯಾಗಿದೆ ಅನ್ನಿಸುವ ವಾದ್ಯ. ನನ್ನ ಸ್ವಭಾವಕ್ಕೆ ಒಪ್ಪುತ್ತದೆ ಎಂದು ಜಿಲಾನಿ ಹೇಳಿದ್ದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ. ಬ್ಯಾಂಡಿಗೆ ಮಲಿಕ್-ಎ-ಮೈದಾನ್ ಎಂದು ಊರಿನ ತೋಪಿನ ಹೆಸರಿಟ್ಟೆವು. ಆ ತೋಪು ಹಾರಿದ್ದನ್ನು ನೋಡಿದವರು ಈಗ ಯಾರೂ ಇಲ್ಲ. ನಮ್ಮನ್ನು ಕೇಳಿದವರೂ ಅಷ್ಟಾಗಿ ಇರಲಿಲ್ಲ.

ವಾದ್ಯಗಳನ್ನೆಲ್ಲ ಮಲಕಾಜಪ್ಪನೇ ಮಾಡಿಕೊಟ್ಟ. ಗಿಟಾರಿನ ಮೈ ಬೇವಿನ ಹಲಗೆಯದು. ತಂತಿಯ ಕಂಪನ ಹಿಡಿಯುವ ಪಿಕಪ್ಪಿಗೆ ಹಳೆಯ ಟೆಲಿಫೋನುಗಳ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಆರು ಸಾವಿರ ಸುತ್ತು. ಹೊಲಿಗೆ ಯಂತ್ರದ ಗಾಲಿಗೆ ಕಟ್ಟಿ ಸುತ್ತಿದ. ಎಣಿಸಲು ಕೂತವನು ಮೆಹಬೂಬ, ಮೂರು ಸಾವಿರದ ಹತ್ತಿರ ತೂಕಡಿಸಿದ, ಆದ್ದರಿಂದ ಆರು ಸಾವಿರ ಎಂಬುದು ಅಂದಾಜು. ನನ್ನ ಬಾಸಿಗೆ ಸೈಕಲ್ ಬ್ರೇಕಿನ ತಂತಿ. ಡ್ರಮ್ಮುಗಳಿಗೆ ಸಿದ್ದರಾಯನ ಹಿಂಡಿನ ಆಡಿನ ಚರ್ಮ. ಬಿಸಿಲಿಗೆ ಬಿಗಿಯುತ್ತಿತ್ತು, ಮೋಡವಾದರೆ ಸಡಿಲಾಗುತ್ತಿತ್ತು, ಹೀಗಾಗಿ ನಮ್ಮ ಬ್ಯಾಂಡು ಶ್ರಾವಣದಲ್ಲಿ ಒಂಥರಾ, ಚೈತ್ರದಲ್ಲಿ ಇನ್ನೊಂಥರಾ ಕೇಳುತ್ತಿತ್ತು. ಆಂಪ್ಲಿಫೈಯರಿನೊಳಗೆ ನಾಲ್ಕು ವಾಲ್ವು, ಕೆಂಪಗೆ ಉರಿಯುವ ಗಾಜಿನ ಬುಡ್ಡಿಗಳು. ಅವು ಕಾದು ತಯಾರಾಗುವವರೆಗೆ ಒಂದು ಕಪ್ಪು ಚಹಾ ಆಗುತ್ತಿತ್ತು. ಎಲ್ಲ ಮುಗಿದ ಮೇಲೆ ಮಲಕಾಜಪ್ಪ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಗಬ್ಬಾದ ಕುರಿಯ ಹೊಟ್ಟೆ ಮುಟ್ಟಿ ನೋಡುವ ಹಾಗಿತ್ತು. "ಐಬಿಲ್ಲ," ಎಂದ. ಜಿಲಾನಿಯ ಮುಖ ಸಪ್ಪಗಾಯಿತು. ಅವನಿಗೆ ಅರಿವೆ ಹರಿಯುವ ಸದ್ದು ಬೇಕಿತ್ತು, ಇದು ಹರಿಯುತ್ತಿರಲಿಲ್ಲ.

ಆ ಕೆಲಸವನ್ನು ಒಂದು ಹೋತ ಮಾಡಿತು. ಸಿದ್ದರಾಯ ಸಂತೆಗೆ ಬಂದವನು ಅದನ್ನು ಅಣ್ಣನ ಅಂಗಡಿಯ ಕಂಬಕ್ಕೆ ಕಟ್ಟಿ ಹೋಗಿದ್ದ. ಸ್ಪೀಕರಿನ ಜಾಳಿಗೆಯ ಹಿಂದೆ ಅದಕ್ಕೆ ಏನು ಕಾಣಿಸಿತೋ, ಕೋಡು ಹಾಕಿ ಒಳಗಿನ ಕಾಗದದ ಶಂಕುವನ್ನು ಗೇಣುದ್ದ ಹರಿಯಿತು. ಮರುದಿನ ಕಾಲೇಜಿನ ಗ್ಯಾದರಿಂಗಿನಲ್ಲಿ ನಮ್ಮ ಕಾರ್ಯಕ್ರಮ. ಹೊಸದು ಸಿಗುವುದು ಮಿರಜದಲ್ಲಿ. ಮಲಕಾಜಪ್ಪ ದಿಮ್ಮಿ ವಾದ್ಯಕ್ಕೆ ಹಾಕುವ ತೆಳು ಚರ್ಮವನ್ನು ಅಂಟಿನಿಂದ ಹಚ್ಚಿ ತೇಪೆ ಹಾಕಿದ. ಹೋತ ಹರಿದದ್ದಕ್ಕೆ ಹೋತದ್ದೇ ಚರ್ಮ. ಅದೇ ಹೋತದ್ದಲ್ಲ, ನಾನು ವಿಚಾರಿಸಿದ್ದೇನೆ. ತೇಪೆಯ ಒಂದು ಅಂಚು ಸರಿಯಾಗಿ ಕೂಡಲಿಲ್ಲ. ಜಿಲಾನಿ ತಂತಿ ಮೀಟಿದ. ಪೆಟ್ಟಿಗೆ ಗರ್ರ್ ಎಂದು ಹರಿಯಿತು.

"ಇದು ಐಬ. ನಾಳಿನ ಕಾರ್ಯಕ್ರಮ ಒಂದ ಹೆಂಗರ ಮಾಡ್ರಿ, ಹೊಸಾದು ತರಸ್ತೇನಿ," ಎಂದ ಮಲಕಾಜಪ್ಪ, ತಲೆ ತಗ್ಗಿಸಿ.

"ತರಸಬ್ಯಾಡ್ರಿ. ನನಗ ಬೇಕಾಗಿದ್ದು ಇದ," ಎಂದ ಜಿಲಾನಿ.

"ಐಬ ಬೇಕೇನ ನಿನಗ?"

"ಹೌದ್ರಿ."

ಗಿರಾಕಿಗೆ ಬೇಡ ಎಂದು ಹೇಳುವುದು ಮಲಕಾಜಪ್ಪನ ಅಂಗಡಿಯ ರಿವಾಜಿನಲ್ಲಿ ಇರಲಿಲ್ಲ. ಒಂದು ಬ್ಲೇಡು ತಂದು ಪೆಟ್ಟಿಗೆಯ ಮೇಲಿನ ತನ್ನ ಹೆಸರನ್ನು ಕೆರೆದು ತೆಗೆದ. ಆಮೇಲೆ ಅದನ್ನು ನಮಗೆ ಕೊಟ್ಟ.

ಎಪ್ಪತ್ತೆಂಟರ ಜನವರಿಯಲ್ಲಿ ಜಿಲಾನಿ ಒಂದು ಪತ್ರಿಕೆಯ ತುಣುಕು ತಂದ. ಮುಂಬಯಿಯ ಒಂದು ಸಣ್ಣ ರೆಕಾರ್ಡ್ ಕಂಪನಿ ಹೊಸ ಬ್ಯಾಂಡುಗಳಿಂದ ಟೇಪು ಕೇಳಿತ್ತು. ಒಪ್ಪಿಗೆಯಾದರೆ ಹಾಡನ್ನು ಸಣ್ಣ ರೆಕಾರ್ಡಿನ ಮೇಲೆ ಅಚ್ಚು ಹಾಕುತ್ತಾರೆ. ಹಾಡು ನಮ್ಮಲ್ಲಿತ್ತು. ಮಾತು ನನ್ನದು, ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ಮಲಕಾಜಪ್ಪನ ಬಳಿ ಎರಡು ಗಾಲಿಯ ಸ್ಪೂಲ್ ಟೇಪ್‌ರೆಕಾರ್ಡರ್ ಇತ್ತು. ಹರಿಯುವ ಸದ್ದೂ ಇತ್ತು. ಬಾವಿಯ ಸದ್ದೊಂದು ಇರಲಿಲ್ಲ. ಅದಕ್ಕೆ ಎಕೋ ಯಂತ್ರವೆಂದು ಸಿಗುತ್ತದೆ, ಹೊರದೇಶದ್ದು, ನಮ್ಮ ಮೂವರನ್ನು ಒಟ್ಟಿಗೆ ಮಾರಿದರೂ ಬರುತ್ತಿರಲಿಲ್ಲ.

ಗುಮ್ಮಟ ಇರುವ ಊರಿನಲ್ಲಿ ಪ್ರತಿಧ್ವನಿಗೆ ಬರವೇ ಎಂದು ಯಾರಾದರೂ ಕೇಳಬಹುದು. ನಾವೂ ಕೇಳಿಕೊಂಡು ಡ್ರಮ್ಮು ಹೊತ್ತು ಹೋದೆವು. ಅಲ್ಲಿ ಒಂದು ಮಾತು ಏಳು ಸಲ ಮರಳಿ ಬರುತ್ತದೆ. ಕಾವಲುಗಾರ ನಮಗೆ ಒಂದೇ ಸಲ ಹೇಳಿದ, ಸಾಕಾಯಿತು. "ಹಂಗೂ ಅದು ಬ್ಯಾಡ. ಗುಮ್ಮಟ ಬರೇ ಮಾತಾಡತೈತಿ, ಕೇಳಿಸ್ಕೊಳ್ಳೂದಿಲ್ಲ," ಎಂದ ಮಲಕಾಜಪ್ಪ. ಆಮೇಲೆ ತಾನು ಹೇಳಬಾರದ್ದನ್ನು ಹೇಳುವವನ ಹಾಗೆ, "ನಮ್ಮ ಹಗೇವಿನ್ಯಾಗ ಆ ಐಬ ಐತಿ," ಎಂದ.

ಹಗೇವು ಎಂದರೆ ನಮ್ಮ ಕಡೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ, ಒಳಗೆ ಎರಡಾಳು ಆಳ, ಹೊಟ್ಟೆ ಗಡಿಗೆಯಂತೆ ದುಂಡಗೆ, ಸುತ್ತ ಕಲ್ಲು. ಸುಗ್ಗಿಯಲ್ಲಿ ತುಂಬಿ, ಬಾಯಿಗೆ ಹಾಸುಗಲ್ಲು ಹಾಕಿ ಮಣ್ಣು ಮೆತ್ತಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಮಲಕಾಜಪ್ಪನ ಮನೆಯದು ಕಳ್ಳಕವಟಗಿಯಲ್ಲಿ, ಅಂಗಳದಲ್ಲೇ ಇತ್ತು. ಹಿಂದಿನ ಜೋಳ ಖಾಲಿಯಾಗಿತ್ತು, ಹೊಸದು ಇನ್ನೂ ಹೊಲದಲ್ಲಿ ಹಾಲುಗಾಳಿನಲ್ಲಿತ್ತು. ಹಗಲೆಲ್ಲ ಮುದುಕವ್ವ ಹೊಲದ ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಓಡಿಸುತ್ತಿದ್ದಳು. ಹಗೇವು ಬೇಕೆಂದು ಕೇಳಿದಾಗ ಅವಳು ಯಾಕೆ ಎಂದು ಕೇಳಲಿಲ್ಲ. "ಇಳಿಯೂ ಮುಂದ ಕಂದೀಲ ಬಿಟ್ಟು ನೋಡ್ರಿ. ಸುಗ್ಗಿ ಬರೂದ್ರಾಗ ಬಿಟ್ಟು ಹೋಗ್ರಿ," ಎಂದಳು, ಅಷ್ಟೇ.

ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಕಂದೀಲು ಆರಿದರೆ ಇಳಿದವನೂ ಆರುತ್ತಾನೆ. ನಾವು ಕಂದೀಲು ಬಿಟ್ಟೆವು, ಉರಿಯಿತು. ಆಮೇಲೆ ಸ್ಪೀಕರ್ ಬಿಟ್ಟೆವು, ಮೈಕು ಬಿಟ್ಟೆವು. ಜಿಲಾನಿಯ ಗಿಟಾರು ಮತ್ತು ದನಿ ತಂತಿಯ ಮೂಲಕ ಕೆಳಗಿನ ಸ್ಪೀಕರಿಗೆ ಇಳಿದು, ಅಲ್ಲಿ ದುಂಡಗೆ ಸುತ್ತಾಡಿ, ಮೈಕಿಗೆ ಬಿದ್ದು, ಇನ್ನೊಂದು ತಂತಿಯಲ್ಲಿ ಮೇಲೆ ಬರಬೇಕು. ಬಂದದ್ದು ಹೋದ ಹಾಗೆಯೇ ಬಂತು. ಬಾವಿಯೂ ಇಲ್ಲ, ಗುಂಡಿಯೂ ಇಲ್ಲ.

ಮಲಕಾಜಪ್ಪ ಇಳಿದು ನೋಡಿದರೆ ಒಳಗೆಲ್ಲ ಮೊಣಕಾಲುದ್ದ ಹೊಟ್ಟು, ಗೋಡೆಗೆ ಕಣಕಿಯ ಸಿವುಡು, ಅಂದರೆ ಜೋಳದ ಒಣ ದಂಟಿನ ಕಟ್ಟು. ಅವನ ಹೆಂಡತಿ ಸಾವಂತ್ರವ್ವ ಹಿಂದಿನ ದಿನ ಒಬ್ಬಳೇ ಕೂತು ಹಾಸಿದ್ದಳು. ಜೋಳ ತುಂಬುವ ಮೊದಲು ಹಾಗೆ ಹಾಸುತ್ತಾರೆ, ನೆಲದ ಥಂಡಿ ತಾಗಬಾರದೆಂದು. "ಅಷ್ಟ ತುಟ್ಟಿ ಮಿಶನ್ನು, ಥಂಡಿ ಹಿಡದೀತು ಅಂತ ಹಾಸೇನ್ರಿ," ಎಂದಳು. ಮಲಕಾಜಪ್ಪ ಕೆಳಗಿನಿಂದ ಬಹಳ ಸಂತೋಷದ ದನಿಯಲ್ಲಿ, "ಈಗ ಐಬ ಹೋತ ನೋಡ್ರಿ, ಹಿಂಗ ಇರಲಿ," ಎಂದ. ಜಿಲಾನಿ ಇಳಿದು ಹೊಟ್ಟನ್ನೆಲ್ಲ ಬುಟ್ಟಿಗೆ ತುಂಬಿ ಮೇಲೆ ಕಳಿಸಿದ. ಎರಡು ತಾಸು ಹಿಡಿಯಿತು. ಸಾವಂತ್ರವ್ವ ಅಷ್ಟು ಹೊತ್ತೂ ಅವನನ್ನು ಕನಿಕರದಿಂದ ನೋಡುತ್ತಿದ್ದಳು.

ಕರೆಂಟು ಹಿಟ್ಟಿನ ಗಿರಣಿಯಿಂದ ಎಳೆದಿದ್ದೆವು. ಗಿರಣಿ ನಡೆದರೆ ನಮ್ಮ ವಾಲ್ವು ಮಂಕಾಗುತ್ತಿತ್ತು, ಆದ್ದರಿಂದ ನಾವು ಹಾಡುವವರೆಗೆ ಗಿರಣಿ ನಿಲ್ಲಿಸಲು ಗಿರಣಿಯವನನ್ನು ಒಪ್ಪಿಸಿದ್ದೆವು. ಜನರೆಲ್ಲ ಹೊಲದಲ್ಲಿದ್ದ ನಡು ಮಧ್ಯಾಹ್ನ, ದನದ ಕೊಟ್ಟಿಗೆಯಲ್ಲಿ ಮೆಹಬೂಬನ ಡ್ರಮ್ಮು, ಬೇವಿನ ನೆರಳಲ್ಲಿ ಟೇಪು, ಹಗೇವಿನ ಬಾಯಲ್ಲಿ ಮಲಕಾಜಪ್ಪ. ನಾಲ್ಕು ಸಲ ಹಾಡಿದೆವು. ಒಂದನೆಯದರಲ್ಲಿ ಮೆಹಬೂಬ ತಪ್ಪಿದ, ಎರಡನೆಯದರಲ್ಲಿ ನಾನು ತಪ್ಪಿದೆ, ಯಾರಿಗೂ ಗೊತ್ತಾಗಲಿಲ್ಲ, ನಾನೇ ಹೇಳಿದೆ. ಮೂರನೆಯದರಲ್ಲಿ ಒಂದು ಕುರಿಯ ಗಂಟೆ ಸೇರಿತು. ನಾಲ್ಕನೆಯದು ಆಯಿತು.

ಟೇಪನ್ನು ಹಿಂದೆ ಸುತ್ತಿ ಕೇಳಿದೆವು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಜಿಲಾನಿಯದು ಹೇಳಿಕೊಳ್ಳುವಂಥ ಕಂಠವಲ್ಲ. ಆದರೆ ಆ ಟೇಪಿನಲ್ಲಿ ಅದು ನೆಲದೊಳಗಿಂದ ಎದ್ದು, ಏನನ್ನೋ ಹುಡುಕುತ್ತ ಮೇಲೆ ಬಂದಂತಿತ್ತು. ಗಿಟಾರು ಅದರ ಹಿಂದೆ ಹರಿಯುತ್ತ ಬರುತ್ತಿತ್ತು. ಜಿಲಾನಿ ಕೊಟ್ಟಿಗೆಯ ಕಡೆ ಮುಖ ತಿರುಗಿಸಿ ಅತ್ತ. ಮಲಕಾಜಪ್ಪ ಮುಖ ಗಂಟಿಕ್ಕಿಕೊಂಡು, "ಎಲ್ಲಾ ಐಬ ಕೂಡಿ ಒಂದ ಕಡೆ ಬಂದಾವ. ಇದಕ ನನ್ನ ಹೆಸರ ಹಚ್ಚಬ್ಯಾಡ್ರಿ," ಎಂದ. ಆದರೂ ಟೇಪಿನ ಜೊತೆಯ ಪತ್ರದಲ್ಲಿ ನಾನು ಹಚ್ಚಿದೆ.

ಮಾರ್ಚಿನಲ್ಲಿ ಸುಗ್ಗಿಯಾಯಿತು. ಹಗೇವಿಗೆ ಮತ್ತೆ ಹೊಟ್ಟು ಹಾಸಿ, ಮೂವತ್ತು ಚೀಲ ಜೋಳ ಸುರಿದು, ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ನಾವು ಅದನ್ನು ಗಮನಿಸಲೂ ಇಲ್ಲ.

ಮುಂಬಯಿಯ ಪತ್ರ ಮೇ ತಿಂಗಳಲ್ಲಿ ಬಂತು. ನಾನೇ ಓದಿ ಹೇಳಿದೆ. ಹಾಡು ಪರವಾಗಿಲ್ಲ. ಸದ್ದು ಬಹಳ ಅಪರೂಪದ್ದು. ಆದರೆ ಟೇಪು ನಡುನಡುವೆ ನಿಧಾನವಾಗಿ ಓಡಿದ್ದರಿಂದ ಸ್ವರ ಏರಿಳಿದಿದೆ, ಅಚ್ಚಿಗೆ ಬರುವುದಿಲ್ಲ. ಗಿರಣಿಯವನು ನಾವು ಕೊಟ್ಟಿಗೆಯಲ್ಲಿದ್ದಾಗ ಒಂದಿಷ್ಟು ಜೋಳ ಬೀಸಿದ್ದ ಎಂದು ಆಗ ತಿಳಿಯಿತು. ಕಂಪನಿಯ ಮುಖ್ಯ ಧ್ವನಿಮುದ್ರಕರು ಜೂನ್ ಮೊದಲ ವಾರ ಮಿರಜಕ್ಕೆ ಬರುತ್ತಾರೆ, ಅಲ್ಲಿಂದ ಒಂದು ದಿನಕ್ಕೆ ನಿಮ್ಮಲ್ಲಿಗೂ ಬರುತ್ತಾರೆ, ತಮ್ಮ ಯಂತ್ರ ತರುತ್ತಾರೆ, ನಿಮ್ಮ ಎಕೋ ಯಂತ್ರ ಸಿದ್ಧವಿರಲಿ. ಅದು ಯಾವ ದೇಶದ್ದು, ದಯವಿಟ್ಟು ತಿಳಿಸಿ.

"ಯಾವ ದೇಶದ್ದು ಅಂತ ಕೇಳ್ಯಾರೇನ?" ಎಂದು ಮಲಕಾಜಪ್ಪ ಮೂರು ಸಲ ಓದಿಸಿದ. ಮೂರನೆಯ ಸಲ ಅವನ ಕಿವಿ ಕೆಂಪಗಾಗಿದ್ದವು. ಆ ದಿನ ಅವನು ಐಬು ಎಂಬ ಮಾತನ್ನು ಆಡಲಿಲ್ಲ.

ಹೇಳಿದಂತೆ ಆ ಸಾಹೇಬರು ಕಳ್ಳಕವಟಗಿಗೆ ಅಂಬಾಸೆಡರ್ ಕಾರಿನಲ್ಲಿ ಬಂದರು. ಐವತ್ತು ದಾಟಿದವರು, ಮಾತು ಕಡಿಮೆ, ಮರಾಠಿಯವರು. ಕಾರಿನಿಂದ ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ಯಂತ್ರ ಇಳಿಸಿದರು, ಬ್ಯಾಟರಿಯ ಮೇಲೆ ನಡೆಯುವಂಥದ್ದು. "ನಿಮ್ಮ ಯಂತ್ರ ಎಲ್ಲಿದೆ?" ಎಂದರು. ಮಲಕಾಜಪ್ಪ ಅಂಗಳದ ನಡುವೆ ಮಣ್ಣು ಮೆತ್ತಿದ ಜಾಗ ತೋರಿಸಿದ. ಅದರ ಮೇಲೆ ಒಂದು ಕೋಳಿ ಕೂತಿತ್ತು. ಸಾಹೇಬರು ಕೋಳಿಯನ್ನು ನೋಡಿದರು, ಮಲಕಾಜಪ್ಪನನ್ನು ನೋಡಿದರು. ಅವನು ಮಿರಜದ ಮರಾಠಿಯಲ್ಲಿ ಎಲ್ಲ ವಿವರಿಸಿದ, ಸ್ಪೀಕರ್ ಎಷ್ಟು ಎತ್ತರ, ಮೈಕು ಎಷ್ಟು ದೂರ, ಗೋಡೆಗೆ ಎದುರಾಗಿ ಇಟ್ಟರೆ ಏನಾಗುತ್ತದೆ, ವಾರೆಯಾಗಿ ಇಟ್ಟರೆ ಏನಾಗುತ್ತದೆ. ಸಾಹೇಬರು ಟೋಪಿ ತೆಗೆದು ಹೊರಸಿನ ಮೇಲೆ ಕೂತರು.

"ಮುಂಬಯಿಯಲ್ಲಿ ಇಂಥ ಕಿವಿ ಇದ್ದವರು ಇಬ್ಬರಿದ್ದಾರೆ," ಎಂದರು ಕೊನೆಗೆ. "ಒಬ್ಬ ನಾನೇ."

ಮಲಕಾಜಪ್ಪ ಒಳಗೆ ಹೋಗಿ ಅವರಿಗೆ ನೀರು ತಂದ. ಅವರ ಪಕ್ಕದಲ್ಲಿ ಆಗಲೇ ಒಂದು ತಂಬಿಗೆ ನೀರಿತ್ತು.

ಸಾಹೇಬರು ಮುಂದೆ ಹೇಳಿದ್ದನ್ನು ನಾನೂ ಕೇಳಿದ್ದೇನೆ. ಅವರ ಸ್ಟುಡಿಯೋದಲ್ಲಿ ಒಬ್ಬರ ಜಾಗ ಖಾಲಿ ಇದೆ. ಮಾಲಕರು ಕಲಿತವರನ್ನು ಕೇಳುತ್ತಾರೆ. ಈ ರೆಕಾರ್ಡು ತೋರಿಸಿದರೆ ಅವರ ಬಾಯಿ ಮುಚ್ಚಿಸಬಹುದು. ರೆಕಾರ್ಡು ಇಲ್ಲದೆ ಬರೀ ಮಾತಿನಲ್ಲಿ ಆಗುವುದಿಲ್ಲ. ತಾವು ನಾಳೆ ಮುಂಬಯಿಗೆ ಹಿಂದಿರುಗಬೇಕು, ಅಚ್ಚಿಗೆ ಹೋಗುವ ಹಾಡುಗಳ ಪಟ್ಟಿ ಈ ತಿಂಗಳು ಮುಗಿಯುತ್ತದೆ. ಇವತ್ತೇ ಆಗಬೇಕು.

ಆ ವರ್ಷ ಬೆಳೆ ಬಹಳ ಚೆನ್ನಾಗಿ ಬಂದಿತ್ತು. ಜಿಲಾನಿ ಊರೆಲ್ಲ ಓಡಾಡಿ ಬಂದ. ಒಂದು ಹಗೇವೂ ಖಾಲಿ ಇರಲಿಲ್ಲ. ಇಂಥ ದುರ್ದೈವ ಇನ್ನಾರಿಗೂ ಬೇಡ ಎಂದುಕೊಂಡೆ. ಉಳಿದದ್ದು ಮಲಕಾಜಪ್ಪನ ಮನೆಯದನ್ನು ತೆಗೆಸುವುದು. ಮೂವತ್ತು ಚೀಲವನ್ನು ನಾವೇ ಹೊರುತ್ತೇವೆ, ಸಂಜೆ ನಾವೇ ತುಂಬುತ್ತೇವೆ ಎಂದು ಜಿಲಾನಿ ಮುದುಕವ್ವನ ಮುಂದೆ ಕೈ ಜೋಡಿಸಿ ನಿಂತ. ಅವಳು ಮಲಕಾಜಪ್ಪನ ಕಡೆ ತಿರುಗಿದಳು.

"ತೆಗದ ಹಗೇವು ಮತ್ತ ಮುಚ್ಚಾಕ ಬರೂದಿಲ್ಲ. ಗಾಳಿ ಆಡಿದ ಜೋಳ ಮಳಿಗಾಲ ಕಾಣೂದಿಲ್ಲ, ಹುಳ ಹಿಡೀತೈತಿ. ಅದು ನಿನಗೂ ಗೊತ್ತೈತಿ. ಆದ್ರ ನಿನ್ನ ಮನಿ, ನಿನ್ನ ಜೋಳ. ತೆಗಿ ಅಂದ್ರ ನಾನ ಸಲಿಕಿ ಹಿಡೀತೇನಿ."

ಮೂಡಲಲ್ಲಿ ಮೃಗಶಿರದ ಮೋಡ ಕಟ್ಟುತ್ತಿತ್ತು. ಮಲಕಾಜಪ್ಪ ಮಣ್ಣು ಮೆತ್ತಿದ ಜಾಗವನ್ನು ನೋಡುತ್ತ ನಿಂತ. ಕೋಳಿಯನ್ನು ಕಾಲಿನಿಂದ ಮೆಲ್ಲಗೆ ಸರಿಸಿದ. ತೆಗೆ ಎನ್ನುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಅವನ ಇಷ್ಟು ವರ್ಷದ ಬಾಯಾರಿಕೆ ಅದು, ಎದುರಿಗೇ ನೀರಿತ್ತು. ಅವನ ಜಾಗದಲ್ಲಿ ನಾನಿದ್ದರೆ ಅಷ್ಟು ಹೊತ್ತಿಗೆ ಅಗೆದು ಮುಗಿಸಿರುತ್ತಿದ್ದೆ.

"ಸಲಿಕಿ ತರ್ಲೇನ?" ಎಂದ ಜಿಲಾನಿ.

"ತಡಿಯಪ್ಪ," ಎಂದಳು ಮುದುಕವ್ವ. "ಇಷ್ಟ ಮಂದಿ ಹುಡಿಕ್ಯಾಡಕೋತ ಬಂದೀರಿ ಅಂದಮ್ಯಾಲೆ ಅದೇನ ಸಪ್ಪಳ ಅಂತ ನನಗೂ ಒಮ್ಮಿ ಕೇಳಸ್ರಿ. ಆವಾಗ ನಾ ಹೊಲದಾಗಿದ್ದೆ."

ಸಾಹೇಬರು ನಮ್ಮ ಟೇಪನ್ನು ಜೊತೆಗೇ ತಂದಿದ್ದರು. ಗಾಲಿಗೆ ಹಾಕಿ ಹಚ್ಚಿದರು. ಅಂಥ ಒಳ್ಳೆಯ ಯಂತ್ರದಲ್ಲಿ ನಾವೂ ಅದನ್ನು ಕೇಳಿರಲಿಲ್ಲ. ಜಿಲಾನಿಯ ದನಿ ಅಂಗಳದ ತುಂಬ ಎದ್ದಿತು. ಮುದುಕವ್ವ ಹೊಸ್ತಿಲ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು. ಮೊದಲ ಸಾಲು ಮುಗಿಯುವುದರೊಳಗೆ ಅವಳ ಬೆರಳು ನಿಂತವು. ಹಾಡು ಮುಗಿಯಿತು. ಕೊನೆಯ ಸ್ವರ ನೆಲದೊಳಗೆ ಸುತ್ತಿ ಸುತ್ತಿ ಸಣ್ಣದಾಗಿ ಹೋಯಿತು.

"ಇದನ್ನ ಕೇಳೀನಿ ನಾ," ಎಂದಳು. ದನಿ ಏರಿಸಲಿಲ್ಲ. "ಎಪ್ಪತ್ತೆರಡರ ಬರದಾಗ. ನೀ ಮಿರಜದಾಗಿದ್ದಿ. ಕಡೀ ದಿನ ನಾನ ಒಳಗ ಇಳದು, ನೆಲಾ ಕೈಲೆ ಬಳದು, ಮ್ಯಾಲೆ ನಿಂತ ಸಿದ್ದರಾಯಗ 'ತೀರಿತಪಾ' ಅಂತ ಕೂಗಿದೆ. ನಾ ಅಂದಿದ್ದು ಒಮ್ಮಿ. ಅದು ಭಾಳ ಹೊತ್ತ ಅನಕೋತ ಇತ್ತು, ಥೇಟ ಹಿಂಗ." ಬೆರಳಿನ ಸೆರಗು ಬಿಚ್ಚುತ್ತ, "ತುಂಬಿದ ಹಗೇವು ಹಿಂಗ ಅನ್ನೂದಿಲ್ಲೋ ಯಪ್ಪಾ," ಎಂದಳು.

ನನಗೆ ಆ ಕ್ಷಣದಲ್ಲಿ ಅವಳ ಮೇಲೆ ಬಂದ ಸಿಟ್ಟನ್ನು ಹೇಳಿಬಿಡುತ್ತೇನೆ. ನಾಲ್ಕು ನಿಮಿಷದ ಹಾಡಿನಲ್ಲಿ ನನ್ನ ಮಾತು, ಜಿಲಾನಿಯ ರಾಗ, ಹೋತದ ತೇಪೆ, ಇಷ್ಟೆಲ್ಲ ಇದ್ದರೂ ಈ ಮುದುಕಿಗೆ ಅದೊಂದೇ ಕೇಳಿಸಬೇಕೇ ಎನ್ನಿಸಿತು. ಆ ಸಿಟ್ಟು ಎರಡು ವರ್ಷ ಉಳಿದಿತ್ತು. ಆಮೇಲೆ ಅದು ನಾಚಿಕೆಯಾಯಿತು, ಅದಿನ್ನೂ ಹೋಗಿಲ್ಲ. ಬರದ ವರ್ಷದಲ್ಲಿ ನಮ್ಮ ಕಿರಾಣಿ ಅಂಗಡಿಯ ಹಿಂದೆ ಜೋಳವಿತ್ತು. ಆ ಹೊತ್ತು ಜಿಲಾನಿ ಅಂಗಳದಲ್ಲೇ ನೆಲದ ಮೇಲೆ ಕೂತುಬಿಟ್ಟ.

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. "ಏನಂತೆ?" ಎಂದು ಕೇಳಿದರು.

"ಈಗ ಯಂತ್ರ ನಡಿಯೂದಿಲ್ಲ ಅನ್ನಾಕತ್ತಾಳ್ರಿ," ಎಂದು ಮಲಕಾಜಪ್ಪ ಅವರ ಭಾಷೆಯಲ್ಲಿ ಹೇಳಿದ.

"ಮತ್ತೆ ಯಾವಾಗ ನಡೆಯುತ್ತದೆ? ಹೇಳು, ಹೇಗಾದರೂ ಮಾಡಿ ಇನ್ನೊಮ್ಮೆ ಬರುತ್ತೇನೆ."

ಮಲಕಾಜಪ್ಪ ಬಗ್ಗಿ ಅವರ ಪೆಟ್ಟಿಗೆಯ ತಂತಿಯನ್ನು ಒಂದು ಗಂಟೂ ಬೀಳದಂತೆ ಸುತ್ತತೊಡಗಿದ. "ಅದು ನಡೀಬಾರದು ಅಂತ ನಮ್ಮವ್ವ ದಿನಾ ದೇವರ ಮುಂದ ದೀಪಾ ಹಚ್ಚತಾಳ್ರಿ, ಸಾಹೇಬ್ರ," ಎಂದು ಅವರ ಕೈಗೆ ಕೊಟ್ಟ.